ಸಿಪಾಯಿಯೋ ಸಾಹೇಬನೋ

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ನನ್ನ ತರಗತಿಯಲ್ಲಿ ಕೆಲವು ಹುಡುಗರು ಬೆಳಗಿನ ಮೊದಲ ಗಂಟೆಗೇ ತೂಕಡಿಸತೊಡಗುತ್ತಾರೆ. ಕೇಳಿದರೆ ನಸುಕಿನಲ್ಲೇ ಎದ್ದು ಹೆದ್ದಾರಿಯ ಪಕ್ಕ ಓಡಿ ಬಂದಿರುತ್ತಾರೆ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, ಬೀಮ್‌ಗೆ ಜೋತುಬಿದ್ದು ಹತ್ತು ಸಲ ಮೇಲೇರಿದರೆ 40 ಅಂಕ. ಈ ಲೆಕ್ಕ ಅವರಿಗೆ ನಾನು ಹೇಳಿಕೊಡುವ ತ್ರಿಕೋನಮಿತಿಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. "ಸೈನ್ಯಕ್ಕೆ ಸೇರುತ್ತೇನೆ ಮೇಡಂ" ಎನ್ನುತ್ತಾರೆ. "ಏನಾಗಿ?" ಎಂದು ಕೇಳಿದರೆ ಮುಖ ನೋಡುತ್ತಾರೆ. ಸೈನ್ಯಕ್ಕೆ ಸೇರುವುದೆಂದರೆ ಸೈನಿಕನಾಗಿ, ಇನ್ನೇನಾಗಿ?

ಹಾವೇರಿ, ಧಾರವಾಡದ ಸೀಮೆಯಲ್ಲಿ ಸೈನ್ಯವೆಂದರೆ ಭರ್ತಿ, ಭರ್ತಿಯೆಂದರೆ ಓಟ. ರಜೆಗೆ ಬಂದ ಯೋಧ ಕಣ್ಣಿಗೆ ಕಾಣುತ್ತಾನೆ. ಅವನ ಕಪ್ಪು ಟ್ರಂಕು, ಕ್ಯಾಂಟೀನಿನಿಂದ ತಂದ ಸಾಮಾನು, ನಿವೃತ್ತಿಯ ಹಣದಲ್ಲಿ ಅವನ ಚಿಕ್ಕಪ್ಪ ಕಟ್ಟಿಸಿ ಬಾಗಿಲ ಮೇಲೆ 'ಮಾಜಿ ಸೈನಿಕ' ಎಂದು ಬರೆಸಿದ ಮನೆ, ಇವೆಲ್ಲ ಕಾಣುತ್ತವೆ. ಊರಿನಿಂದ ಹೋಗಿ ಅಧಿಕಾರಿಯಾದವನನ್ನು, ಲೆಫ್ಟಿನೆಂಟ್ ಆದವನನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಕೊಡಗಿನ ಮಕ್ಕಳಿಗೆ ಈ ತೊಂದರೆ ಇಲ್ಲ. ಅಲ್ಲಿ ಒಂದೇ ಮನೆತನದಲ್ಲಿ ಹವಾಲ್ದಾರನೂ ಬ್ರಿಗೇಡಿಯರನೂ ಇರಬಹುದು. ಕಾರ್ಯಪ್ಪ ಮತ್ತು ತಿಮ್ಮಯ್ಯ ಅವರಿಗೆ ಪಠ್ಯಪುಸ್ತಕದ ಹೆಸರುಗಳಾಗುವ ಮೊದಲೇ ಮನೆಮಾತಿನ ಹೆಸರುಗಳು. ನಮ್ಮ ಕಡೆಯ ಹುಡುಗ ಕಂಡ ಬಾಗಿಲು ಒಂದೇ. ಆದ್ದರಿಂದ ಅವನು ಆರಿಸಿಕೊಂಡ ಎನ್ನುವುದು ಸರಿಯಾದ ಮಾತಲ್ಲ.

ನನಗೆ ಈ ವಿಷಯದಲ್ಲಿ ಇಷ್ಟು ತಲೆಬಿಸಿ ಏಕೆಂದರೆ ನಾನು ಸುಬೇದಾರರ ಮಗಳು. ಅಪ್ಪ ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ಗೆ ಸೇರಿದವರು. 1780ರಲ್ಲಿ ಶುರುವಾದ ಮದ್ರಾಸ್ ಸ್ಯಾಪರ್ಸ್ ಅದು. ಅಲ್ಲಿಯ ಸೈನಿಕ ಯಾವ ರಾಜ್ಯದವನಾಗಿದ್ದರೂ ಸೈನ್ಯದ ಬಾಯಲ್ಲಿ 'ತಂಬಿ'. ಕನ್ನಡದವರಾದ ಅಪ್ಪನೂ ಸೇವೆಯುದ್ದಕ್ಕೂ ತಂಬಿಯಾಗಿಯೇ ಇದ್ದರು. ಸೇತುವೆ ಕಟ್ಟುವುದು, ನೆಲಬಾಂಬು ಹೂಳುವುದು, ಹೂತದ್ದನ್ನು ತೆಗೆಯುವುದು, ಮಣ್ಣು ಕುಸಿದ ಕಡೆ ದಾರಿ ಮಾಡುವುದು ಅವರ ಕೆಲಸ. ಸ್ಯಾಪರ್ ಆಗಿ, ಅಂದರೆ ಎಂಜಿನಿಯರ್ ದಳದ ಸಿಪಾಯಿಯಾಗಿ ಹೋಗಿ, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್ ದಾಟಿ ಸುಬೇದಾರ್ ಆಗಿ ಮನೆಗೆ ಬಂದರು.

ನನ್ನ ಬಾಲ್ಯದ ಒಂದು ಭಾಗ ಫ್ಯಾಮಿಲಿ ಕ್ವಾರ್ಟರ್ಸ್‌ನಲ್ಲಿ ಕಳೆಯಿತು. ಕೇಂದ್ರೀಯ ವಿದ್ಯಾಲಯದಲ್ಲಿ ಮೇಜರ್ ಸಾಹೇಬರ ಮಗಳೂ ನಾನೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಸಂಜೆ ಅವಳ ಮನೆಯ ಕಡೆಗೆ ಮಾತ್ರ ನಾನು ಹೋಗುತ್ತಿರಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ಅಲ್ಲಿ ಎಲ್ಲವೂ ಹೇಳದೆಯೇ ತಿಳಿಯುತ್ತದೆ. ಮೆಸ್ಸು ಬೇರೆ, ಕ್ವಾರ್ಟರ್ಸ್ ಬೇರೆ, ರೈಲ್ವೆ ವಾರಂಟಿನಲ್ಲಿ ಸಿಗುವ ಬೋಗಿ ಬೇರೆ. ನಲವತ್ತು ದಾಟಿದ ಅಪ್ಪ ಆಗಷ್ಟೇ ಮೀಸೆ ಬಂದ ಲೆಫ್ಟಿನೆಂಟಿಗೆ ಸೆಲ್ಯೂಟ್ ಹೊಡೆಯುವುದನ್ನು ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಆ ಲೆಫ್ಟಿನೆಂಟ್ ಅಪ್ಪನನ್ನು 'ಸಾಹೇಬ್' ಎಂದೇ ಕರೆಯುತ್ತಿದ್ದ, ಸಂಶಯ ಬಂದಾಗ ಅಪ್ಪನ ಮುಖ ನೋಡುತ್ತಿದ್ದ ಎನ್ನುವುದು ತಿಳಿದದ್ದು ಬಹಳ ತಡವಾಗಿ.

ಈ ವ್ಯವಸ್ಥೆ ಎಲ್ಲಿಂದ ಬಂತು ಎಂದು ನೋಡಿದರೆ ಬ್ರಿಟಿಷರ ಕಾಲಕ್ಕೆ ಹೋಗಬೇಕಾಗುತ್ತದೆ. ಆಗ ಪಲ್ಟನ್ನಿನಲ್ಲಿ ಭಾರತೀಯನೊಬ್ಬ ಏರಬಹುದಾದ ಕೊನೆಯ ಮೆಟ್ಟಿಲು ಬಹುಮಟ್ಟಿಗೆ ಸುಬೇದಾರ್ ಮೇಜರ್. ಎಷ್ಟೇ ಯುದ್ಧ ಕಂಡವನಾದರೂ ಇಂಗ್ಲೆಂಡಿನಿಂದ ನಿನ್ನೆ ಬಂದಿಳಿದ ಸೆಕೆಂಡ್ ಲೆಫ್ಟಿನೆಂಟ್ ಅವನಿಗೆ ಮೇಲಿನವನು. 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು ಹೊರಬಂದ ಕೆಲವೇ ಭಾರತೀಯರಲ್ಲಿ ಕೊಡಗಿನ ಕಾರ್ಯಪ್ಪ ಒಬ್ಬರು. ತಿಮ್ಮಯ್ಯ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ ಅಧಿಕಾರಿಯಾದರು. 1932ರಲ್ಲಿ ಅಧಿಕಾರಿಗಳನ್ನು ಇಲ್ಲಿಯೇ ತಯಾರು ಮಾಡುವ ಡೆಹ್ರಾಡೂನಿನ ಅಕಾಡೆಮಿ ತೆರೆಯಿತು. 1949ರ ಜನವರಿ 15ರಂದು ಕಾರ್ಯಪ್ಪ ಭಾರತದ ಮೊದಲ ಸ್ವದೇಶಿ ಸೇನಾ ಮುಖ್ಯಸ್ಥರಾದರು. ಬಿಳಿಯರು ಹೋದರು. ಅವರು ಮಾಡಿಟ್ಟ ಎರಡು ಬಾಗಿಲು, ಸಿಪಾಯಿಯದೊಂದು, ಅಧಿಕಾರಿಯದೊಂದು, ಹಾಗೆಯೇ ಉಳಿದವು. ನಡುವಿನ ಸುಬೇದಾರರ ಪದವಿಗಳೂ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಎಂಬ ಹೊಸ ಹೆಸರಿನಲ್ಲಿ ಮುಂದುವರಿದವು. ಬಣ್ಣದ ಆಧಾರದಲ್ಲಿ ಒಡೆದದ್ದನ್ನು ನಾವು ಓದಿನ ಆಧಾರದಲ್ಲಿ ಒಡೆದುಕೊಂಡೆವು ಎಂದು ನಾನು ಹೇಳಿದರೆ ಅಪ್ಪ ಒಪ್ಪುವುದಿಲ್ಲ. "ನಿನಗೆ ಮೆಟ್ಟಿಲು ಮಾತ್ರ ಕಾಣುತ್ತದೆ, ಕೆಲಸ ಕಾಣುವುದಿಲ್ಲ" ಎನ್ನುತ್ತಾರೆ.

ಕೆಲಸ ಎಂದರೆ ಏನು ಎನ್ನುವುದಕ್ಕೆ ಅವರು ಹೇಳುವ ಪ್ರಸಂಗವೊಂದಿದೆ. ಈಶಾನ್ಯದಲ್ಲಿ ಎಲ್ಲೋ ಒಂದು ಹೊಳೆಯ ಮೇಲೆ ಬೈಲಿ ಸೇತುವೆ (ಉಕ್ಕಿನ ಪ್ಯಾನೆಲ್‌ಗಳನ್ನು ಜೋಡಿಸಿ ಕಟ್ಟುವ ಸೇತುವೆ) ಹಾಕುತ್ತಿದ್ದರು. ಅದರ ಒಂದೊಂದು ಪ್ಯಾನೆಲ್ ಸುಮಾರು 260 ಕಿಲೋ, ಆರು ಜನ ಎತ್ತಬೇಕು. ಮಳೆಯಲ್ಲಿ ಕೈ ಜಾರಿದರೆ ಕಾಲು ಹೋಯಿತೆಂದೇ ಲೆಕ್ಕ. ಅಪ್ಪ ಆಗ ಹವಾಲ್ದಾರ್. ಸೇತುವೆ ಮುಗಿಯುವ ಹೊತ್ತಿಗೆ ನೀರಿನ ಬಣ್ಣ ಬದಲಾಗಿತ್ತು, ಆಚೆ ದಡದ ಮಣ್ಣು ಸಡಿಲವಾಗುತ್ತಿತ್ತು. ಬೆಳಕು ಹರಿಯುವ ಮುನ್ನ ವಾಹನಗಳು ದಾಟಬೇಕೆಂದು ಮೇಲಿನಿಂದ ಆದೇಶ. ಅಪ್ಪ ಹೋಗಿ ತಮ್ಮ ಲೆಫ್ಟಿನೆಂಟಿಗೆ ಹೇಳಿದರು: ಈಗ ಬೇಡ, ಒಂದು ರಾತ್ರಿ ಬಿಡಿ, ದಡಕ್ಕೆ ಕಲ್ಲು ತುಂಬಬೇಕು. ಆ ಹುಡುಗ ಟಾರ್ಚು ಹಿಡಿದು ಹೋಗಿ ನೋಡಿದ, ಬಂದು ವೈರ್‌ಲೆಸ್ ಹಿಡಿದ, ವಾಹನಗಳನ್ನು ಬಿಡುವುದಿಲ್ಲ ಎಂದ. ಆ ಕಡೆಯಿಂದ ಬಂದ ಬೈಗುಳ ಪಕ್ಕದಲ್ಲಿ ನಿಂತಿದ್ದ ಅಪ್ಪನಿಗೂ ಕೇಳಿಸಿತಂತೆ. ತನ್ನ ಹವಾಲ್ದಾರ್ ಹೇಳಿದ ಎಂದು ಅವನು ಒಮ್ಮೆಯೂ ಹೇಳಲಿಲ್ಲ. ನೋಡಿದ್ದು ನಾನು, ನಿಲ್ಲಿಸಿದ್ದು ನಾನು ಎಂದ.

"ಹೊಳೆ ಗೊತ್ತಿದ್ದದ್ದು ನನಗೆ. ನಾನು ತಪ್ಪಿದ್ದರೆ ಕೆಲಸ ಹೋಗುತ್ತಿದ್ದದ್ದು ಅವನದು" ಎನ್ನುತ್ತಾರೆ ಅಪ್ಪ. ಅವರ ಪ್ರಕಾರ ಇಡೀ ವ್ಯತ್ಯಾಸ ಇಷ್ಟರಲ್ಲಿದೆ. ಒಬ್ಬನಿಗೆ ಕಸುಬು ಗೊತ್ತಿರಬೇಕು, ಇನ್ನೊಬ್ಬ ತನಗಿಂತ ಹೆಚ್ಚು ಬಲ್ಲವರ ಮಾತು ಕೇಳಿ, ತೀರ್ಮಾನಿಸಿ, ಬೈಗುಳವನ್ನು ತಾನೊಬ್ಬನೇ ತಿನ್ನಬೇಕು. ಡೆಹ್ರಾಡೂನಿನ ಅಕಾಡೆಮಿ ಉದ್ಘಾಟನೆಯ ದಿನ ಆಗಿನ ಬ್ರಿಟಿಷ್ ಸೇನಾ ಮುಖ್ಯಸ್ಥ ಚೆಟ್‌ವುಡ್ ಆಡಿದ ಮಾತಿನ ಸಾರವೂ ಇದೇ: ದೇಶದ ಕ್ಷೇಮ ಮೊದಲು, ನಿನ್ನ ಕೈಕೆಳಗಿನವರ ಕ್ಷೇಮ ಆಮೇಲೆ, ನಿನ್ನ ಸುಖ ಎಲ್ಲಕ್ಕಿಂತ ಕೊನೆಗೆ. ಅಪ್ಪನಿಗೆ ಈ ಮಾತು ಗೊತ್ತು, ಪೂರ್ತಿ ನಂಬಿಕೆ ಇಲ್ಲ. "ಗೋಡೆಯ ಮೇಲೆ ಚೆನ್ನಾಗಿದೆ. ಊಟದ ಸಾಲಿನಲ್ಲಿ ಯಾರು ಕೊನೆಗೆ ನಿಲ್ಲುತ್ತಾರೆ ಎಂದು ನೋಡಬೇಕು." ಕೊನೆಗೆ ನಿಂತವರನ್ನೂ ಕಂಡಿದ್ದಾರೆ, ಮನೆಯ ಹೂಕುಂಡಕ್ಕೆ ಸಿಪಾಯಿಯಿಂದ ನೀರು ಹಾಕಿಸಿದವರನ್ನೂ ಕಂಡಿದ್ದಾರೆ.

ಆದರೆ ಹೊಣೆಯೆಲ್ಲ ಅಧಿಕಾರಿಯದೇ ಎಂದು ತಿಳಿಯಬಾರದು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದಾಗ ಅಲ್ಲಿದ್ದವರು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿದ್ದು, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದು ನಮಗೆಲ್ಲ ನೆನಪಿದೆ. ಆ ಹತ್ತು ಮಂದಿಯ ಮೇಲೆ ಇದ್ದವರು ಲೆಫ್ಟಿನೆಂಟೂ ಅಲ್ಲ, ಕ್ಯಾಪ್ಟನ್ನೂ ಅಲ್ಲ. ಹಾಸನದ ಸುಬೇದಾರ್ ನಾಗೇಶ. 19,000 ಅಡಿಗಿಂತ ಎತ್ತರದ ಠಾಣೆಯೊಂದನ್ನು ಒಬ್ಬ ಜೆಸಿಒ ಕೈಗೆ ಒಪ್ಪಿಸುವುದು ಸೈನ್ಯದಲ್ಲಿ ಮಾಮೂಲು. 'ಬರೀ ಸಿಪಾಯಿ' ಎಂದು ಮೂಗು ಮುರಿಯುವ ನಗರದ ಪಾಲಕರಿಗೆ ಇದನ್ನು ಹೇಳಬೇಕೆನಿಸುತ್ತದೆ.

ಹಾಗಿದ್ದರೆ ಎರಡೂ ಸಮಾನ, ಯಾವುದನ್ನಾದರೂ ಹಿಡಿಯಿರಿ ಎಂದು ನಾನು ಹುಡುಗರಿಗೆ ಹೇಳುತ್ತೇನೆಯೇ? ಇಲ್ಲ. ಎರಡು ಬಾಗಿಲುಗಳ ಬೀಗ ಬೇರೆ ಬೇರೆ. ಗಣಿತದವಳಾದ ನಾನು ಆ ಬೀಗವನ್ನೇ ನೋಡುವುದು.

ಈಗ ಸಿಪಾಯಿಯಾಗಿ ಸೇರುವವನ ಹೆಸರು ಅಗ್ನಿವೀರ. ಅಗ್ನಿವೀರ ಜನರಲ್ ಡ್ಯೂಟಿಗೆ ಎಸ್ಸೆಸ್ಸೆಲ್ಸಿ ಸಾಕು. ಕೆಲವು ಟ್ರೇಡ್ಸ್‌ಮನ್ ಹುದ್ದೆಗಳಿಗೆ ಎಂಟನೆಯ ತರಗತಿ ಸಾಕು. ಆನ್‌ಲೈನ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ಅದೇ ಪಿಯುಸಿ ಮುಗಿಸಿ ಅಧಿಕಾರಿಯಾಗಲು ಹೋಗುವ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಬನ್ನಿ. ಯುಪಿಎಸ್‌ಸಿ ನಡೆಸುವ ಪರೀಕ್ಷೆ, ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಒಟ್ಟು 900 ಅಂಕಗಳಲ್ಲಿ ಗಣಿತಕ್ಕೆ 300, ಇಂಗ್ಲಿಷಿಗೆ 200. ಭೂಸೇನೆಯ ವಿಭಾಗಕ್ಕೆ ಪಿಯುಸಿಯಲ್ಲಿ ಕಲೆ, ವಾಣಿಜ್ಯ ಯಾವುದು ಓದಿದ್ದರೂ ಸರಿ ಎಂದು ಪ್ರಕಟಣೆಯಲ್ಲಿ ಉದಾರವಾಗಿ ಬರೆದಿರುತ್ತಾರೆ. ಪ್ರಶ್ನೆಪತ್ರಿಕೆ ಬಿಡಿಸಿದರೆ ಅವಕಲನ, ಅನುಕಲನ, ಮಾತೃಕೆ. ನಮ್ಮಲ್ಲಿ ಕಲಾ ವಿಭಾಗ ಹಿಡಿದ ಹುಡುಗ ಎಸ್ಸೆಸ್ಸೆಲ್ಸಿಯ ಮರುದಿನವೇ ಗಣಿತಕ್ಕೆ ಕೈಮುಗಿದಿರುತ್ತಾನೆ. ವಯಸ್ಸೂ ಕಾಯುವುದಿಲ್ಲ: ಹದಿನಾರೂವರೆಯಿಂದ ಹತ್ತೊಂಬತ್ತೂವರೆ, ಅಷ್ಟೇ. ಪಿಯುಸಿ ಮುಗಿಸಿ ಒಂದು ವರ್ಷ ಯೋಚಿಸಿ ಆಮೇಲೆ ಎನ್‌ಡಿಎ ಬಗ್ಗೆ ಕೇಳಿಕೊಂಡು ಬರುವ ಹುಡುಗನ ಮುಂದೆ ಹೆಚ್ಚೆಂದರೆ ಒಂದು ಪರೀಕ್ಷೆ ಉಳಿದಿರುತ್ತದೆ.

ಆದ್ದರಿಂದ ಈ ಆಯ್ಕೆ ಹದಿನೆಂಟಕ್ಕೆ ನಡೆಯುವುದಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ, ಯಾವ ವಿಭಾಗ ಎಂದು ಅರ್ಜಿ ತುಂಬುವಾಗ, ಸೈನ್ಯದ ಹೆಸರನ್ನೇ ಯಾರೂ ಎತ್ತದ ಹೊತ್ತಿನಲ್ಲಿ ಅದು ನಡೆದುಹೋಗಿರುತ್ತದೆ. ಕೆಲವರಿಗಂತೂ ಇನ್ನೂ ಮುಂಚೆ. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ, ಕೊಡಗಿನ ಕೂಡಿಗೆಯಲ್ಲಿ ಇನ್ನೊಂದು. ಬೆಳಗಾವಿ, ಬೆಂಗಳೂರುಗಳ ರಾಷ್ಟ್ರೀಯ ಮಿಲಿಟರಿ ಶಾಲೆಗಳಲ್ಲಿ ಬಹುಪಾಲು ಸೀಟುಗಳು ಜವಾನರು ಮತ್ತು ಜೆಸಿಒಗಳ ಮಕ್ಕಳಿಗೇ ಮೀಸಲು. ಆರನೆಯ ಇಲ್ಲವೇ ಒಂಬತ್ತನೆಯ ತರಗತಿಗೆ ಸೇರಿಸಬೇಕು. ಯೋಧನ ಮಗ ಅಧಿಕಾರಿಯಾಗಲೆಂದೇ ಇರುವ ದಾರಿ ಇದು, ಆದರೂ ನನ್ನ ತರಗತಿಯ ಮಾಜಿ ಸೈನಿಕರ ಮಕ್ಕಳಲ್ಲಿ ಹಲವರ ಮನೆಯಲ್ಲಿ ಅದರ ಹೆಸರೇ ಕೇಳಿಲ್ಲ.

ಎನ್‌ಡಿಎ ಲಿಖಿತ ಪರೀಕ್ಷೆ ದಾಟಿದವನಿಗೆ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿ ಕಾದಿದೆ. ನಮ್ಮವರಲ್ಲಿ ಅನೇಕರಿಗೆ ಅದು ಬೆಂಗಳೂರಿನ ಕಬ್ಬನ್ ರಸ್ತೆಯ ಆಯ್ಕೆ ಕೇಂದ್ರ, ಐದು ದಿನಗಳ ಪರೀಕ್ಷೆ. ಮೊದಲ ದಿನವೇ ಮಸುಕಾದ ಚಿತ್ರವೊಂದನ್ನು 30 ಸೆಕೆಂಡು ತೋರಿಸಿ ಕಥೆ ಬರೆಸುತ್ತಾರೆ, ಗುಂಪಿನಲ್ಲಿ ಕೂರಿಸಿ ಚರ್ಚೆ ಮಾಡಿಸುತ್ತಾರೆ. ಅಲ್ಲಿ ಉಳಿಯದವರು ಅಂದೇ ಚೀಲ ಹೊತ್ತು ಮೆಜೆಸ್ಟಿಕ್ ಬಸ್ ಹತ್ತಬೇಕು. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆ: 60 ಪದಗಳು, ಪ್ರತಿಯೊಂದಕ್ಕೂ 15 ಸೆಕೆಂಡು, ಪದ ಕಂಡೊಡನೆ ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ನನ್ನ ವಿದ್ಯಾರ್ಥಿಯೊಬ್ಬ ಮರಳಿ ಬಂದು ಹೇಳಿದ: "ಯೋಚನೆ ಕನ್ನಡದಲ್ಲಿ ಬರುತ್ತದೆ ಮೇಡಂ. ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಮುಂದಿನ ಪದ ಬಂದಿರುತ್ತದೆ." ಆಮೇಲಿನ ಮೈದಾನದ ಪರೀಕ್ಷೆಯಲ್ಲಿ ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು ನೆಲ ಮುಟ್ಟದೆ ಅಡ್ಡಿಗಳನ್ನು ದಾಟಿರಿ ಎಂದಾಗ ಇದೇ ಹುಡುಗ ಮುಂದೆ ಇದ್ದನಂತೆ. ಗಾಡಿಗೆ ಹೇರು ಕಟ್ಟಿ ಬೆಳೆದವನಿಗೆ ಯಾವ ಹಲಗೆ ಎಲ್ಲಿ ಕೂರುತ್ತದೆ ಎಂದು ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಆಯ್ಕೆ ಮಾತ್ರ ಆಗಲಿಲ್ಲ. ಆ ಮಂಡಳಿಗೆ ಬೇಕಿರುವುದು ನಿರರ್ಗಳ ಇಂಗ್ಲಿಷಲ್ಲ, ಮುಂದಾಳುತನ ಎನ್ನುತ್ತಾರೆ. ನಿಜವಿರಬಹುದು. ಆದರೆ ಮುಂದಾಳುತನ ತೋರಿಸಬೇಕಾದದ್ದು ಬಾಯಿ ತೆರೆದಾಗ ತಾನೇ? ಒಳ್ಳೆಯ ಸಂಗತಿಯೆಂದರೆ ವಯಸ್ಸಿರುವವರೆಗೆ ಮತ್ತೆ ಮತ್ತೆ ಹೋಗಬಹುದು. ಮೊದಲ ಸಲಕ್ಕೇ ಅವಮಾನವಾಯಿತೆಂದು ಮನೆಯಲ್ಲಿ ಕೂರುವವರು ನಮ್ಮ ಕಡೆ ಹೆಚ್ಚು.

ಹಣದ ಮಾತು ಆಡದೆ ಈ ವಿಷಯ ಮುಗಿಯುವುದಿಲ್ಲ, ದೇಶಭಕ್ತಿಯ ಭಾಷಣ ಮಾಡುವವರಿಗೆ ಬೇಸರವಾದರೂ ಸರಿ. ಅಪ್ಪನ ಕಾಲದಲ್ಲಿ ಜವಾನನಿಗೆ 15 ವರ್ಷ ಸೇವೆಯಾದರೆ ಜೀವನಪೂರ್ತಿ ಪಿಂಚಣಿ. ನನ್ನ ಓದು, ತಮ್ಮನ ಅಂಗಡಿ, ಅಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆ ಎಲ್ಲದರ ಬೆನ್ನಿಗೆ ನಿಂತದ್ದು ಅದೇ. ಆ ಲೆಕ್ಕದಲ್ಲಿ ಬಡವನ ಮಗ ಸಿಪಾಯಿಯಾಗುವುದು ಬಹಳ ವಿವೇಕದ ತೀರ್ಮಾನ. ಪಿಂಚಣಿಗೆ ಅಧಿಕಾರಿ 20 ವರ್ಷ ದುಡಿಯಬೇಕು. ಶಾರ್ಟ್ ಸರ್ವಿಸ್‌ನಲ್ಲಿ ಹತ್ತು ಅಥವಾ ಹದಿನಾಲ್ಕು ವರ್ಷಕ್ಕೆ ಹೊರಬಂದ ಕ್ಯಾಪ್ಟನ್, ಮೇಜರ್‌ಗಳಿಗೆ ಆ ಪಿಂಚಣಿ ಇಲ್ಲ. ಭುಜದ ಮೇಲೆ ನಕ್ಷತ್ರ ಹೊತ್ತವನು ಮೂವತ್ತೈದಕ್ಕೆ ಹೊಸ ಕೆಲಸ ಹುಡುಕುವಾಗ, ಅವನ ಕೈಕೆಳಗಿದ್ದ ಹವಾಲ್ದಾರ್ ಊರಿನಲ್ಲಿ ಪಿಂಚಣಿ ತೆಗೆದುಕೊಳ್ಳುತ್ತ ಹೊಲ ಮಾಡುತ್ತಿದ್ದ.

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದು ಈ ಲೆಕ್ಕ ತಲೆಕೆಳಗಾಯಿತು. ಈಗ ಸಿಪಾಯಿಯಾಗಿ ಸೇರುವವನಿಗೆ ನಾಲ್ಕು ವರ್ಷ. ತಿಂಗಳಿಗೆ 30,000 ರೂಪಾಯಿಯಿಂದ ಶುರುವಾಗಿ ನಾಲ್ಕನೆಯ ವರ್ಷ 40,000. ಅದರಲ್ಲಿ ಶೇಕಡಾ 30 ಸೇವಾ ನಿಧಿಗೆ ಕಡಿತವಾಗಿ ಮೊದಲ ವರ್ಷ ಕೈಗೆ ಸಿಗುವುದು 21,000. ಸರ್ಕಾರವೂ ಅಷ್ಟೇ ಸೇರಿಸಿ ಹೊರಡುವಾಗ ಬಡ್ಡಿ ಸಹಿತ ಸುಮಾರು 11.71 ಲಕ್ಷ ಕೊಡುತ್ತದೆ. ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬ ಮುಂದುವರಿಯುತ್ತಾನೆ. ಉಳಿದವರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಎರಡು ದಶಕ ಹಳೆಯ ಸಲಹೆಯನ್ನೇ ಇಂದೂ ಕೊಡುವ ಮಾವಂದಿರು ಪ್ರತಿ ಊರಿನಲ್ಲೂ ಇದ್ದಾರೆ: ಮೊದಲು ಸಿಪಾಯಿಯಾಗು, ಆಮೇಲೆ ನೋಡಿದರಾಯಿತು. ಆ 'ಆಮೇಲೆ' ಎನ್ನುವುದರ ಕೆಳಗೆ ಮೊದಲು ಪಿಂಚಣಿ ಇತ್ತು. ಈಗ ಇರುವುದು ನಾಲ್ಕರಲ್ಲಿ ಒಂದರ ಸಂಭವ.

ಒಳಗಿನಿಂದಲೇ ಅಧಿಕಾರಿಯಾಗುವ ದಾರಿಯೂ ಇದೆ. ಸೇವೆಯಲ್ಲಿರುವ ಸೈನಿಕರನ್ನು ಪರೀಕ್ಷಿಸಿ ಆರಿಸಿ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನಲ್ಲಿ ಮೂರು ವರ್ಷ, ಆಮೇಲೆ ಅಕಾಡೆಮಿಯಲ್ಲಿ ಒಂದು ವರ್ಷ ತಯಾರು ಮಾಡುತ್ತಾರೆ. ಅಪ್ಪನಿಗಿಂತ ಕಿರಿಯ, ಪಕ್ಕದ ಊರಿನವರೊಬ್ಬರು ಹಾಗೆ ಹೋಗಿ ಅಧಿಕಾರಿಯಾದರು. ಜಾತ್ರೆಯಲ್ಲಿ ಸಿಕ್ಕಾಗ ಅಪ್ಪ ಅವರನ್ನು 'ಸಾಹೇಬರೇ' ಎನ್ನುತ್ತಾರೆ, ಅವರು ಅಪ್ಪನನ್ನು 'ಅಣ್ಣಾ' ಎನ್ನುತ್ತಾರೆ. ಇಬ್ಬರೂ ಬಿಟ್ಟುಕೊಡುವುದಿಲ್ಲ. ಸೈನ್ಯದೊಳಗಿನ ಬದುಕು ಎರಡೂ ಕಡೆಯಿಂದ ಗೊತ್ತಿರುವವರು ಇವರೇ, ಆದರೆ ಸಂಖ್ಯೆಯಲ್ಲಿ ಕಡಿಮೆ.

ಹೆಣ್ಣುಮಕ್ಕಳ ಕಥೆ ವಿಚಿತ್ರ. ವೈದ್ಯಕೀಯ, ಶುಶ್ರೂಷೆ ಬಿಟ್ಟರೆ ನಮಗೆ ಮೊದಲು ತೆರೆದದ್ದು ಮೇಲಿನ ಬಾಗಿಲು. 1992ರಿಂದ ಅಧಿಕಾರಿಗಳಾಗಿ ತೆಗೆದುಕೊಂಡರು, ಜವಾನರಾಗಿ ಬಂದದ್ದು ಬಹಳ ತಡವಾಗಿ. ಮಿಲಿಟರಿ ಪೊಲೀಸ್ ವಿಭಾಗದ ಮೊದಲ ಮಹಿಳಾ ತಂಡ ಬೆಂಗಳೂರಿನ ಕೇಂದ್ರದಲ್ಲಿ ತರಬೇತಿ ಮುಗಿಸಿದ್ದು 2021ರಲ್ಲಿ. ಅದೇ ವರ್ಷ ಸುಪ್ರೀಂ ಕೋರ್ಟಿನ ಆದೇಶದಿಂದ ಎನ್‌ಡಿಎ ಪರೀಕ್ಷೆಗೂ ಹುಡುಗಿಯರು ಕೂತರು, 2025ರ ಮೇ ತಿಂಗಳಲ್ಲಿ ಖಡಕ್‌ವಾಸ್ಲಾದ ಆ ಅಕಾಡೆಮಿಯಿಂದ 17 ಮಂದಿ ಹೊರಬಂದರು. ನನ್ನ ತರಗತಿಯ ಹುಡುಗಿಯರಿಗೆ ಓಟದ ಗೀಳು ಹತ್ತಿಲ್ಲ, ಬಹುಶಃ ಊರಿನ ಹೆದ್ದಾರಿಯ ಪಕ್ಕ ನಸುಕಿನಲ್ಲಿ ಒಬ್ಬರೇ ಓಡಲು ಮನೆಯಲ್ಲಿ ಬಿಡದಿರುವುದರಿಂದ. ಹಾಗಾಗಿ ಅವರು ನೇರವಾಗಿ ಎನ್‌ಡಿಎ ಪುಸ್ತಕ ತಂದು ಅನುಕಲನದ ಲೆಕ್ಕ ಕೇಳುತ್ತಾರೆ. ಹುಡುಗರಿಗೆ ಕಾಣದ ಬಾಗಿಲು ಇವರಿಗೆ ಕಂಡಿದೆ.

ಈ ವರ್ಷ ಒಬ್ಬ ಹುಡುಗ ಅಗ್ನಿವೀರನಾಗಿ ಆಯ್ಕೆಯಾಗಿ, ಹೋಗಲೋ ಬೇಡವೋ ಎಂದು ಕೇಳಲು ಮನೆಗೆ ಬಂದಿದ್ದ. ಅವನಪ್ಪ ಮೆಣಸಿನಕಾಯಿ ಬೆಳೆಗಾರ, ಸಾಲ ಇದೆ. ಹೋಗಬೇಡ ಎನ್ನುವ ಅಧಿಕಾರ ನನಗಿಲ್ಲ. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಅವನಿಗೀಗ ಹದಿನೆಂಟು, ಹೊರಬರುವಾಗ ಇಪ್ಪತ್ತೆರಡು. ಪದವೀಧರರು ಅಧಿಕಾರಿಯಾಗಲು ಬರೆಯುವ ಸಿಡಿಎಸ್ ಪರೀಕ್ಷೆಯ ವಯೋಮಿತಿ ಡೆಹ್ರಾಡೂನಿಗೆ 24ರ ಆಸುಪಾಸು, ಚೆನ್ನೈನ ಅಕಾಡೆಮಿಗೆ 25ರವರೆಗೆ. ಅಗ್ನಿವೀರರಿಗೆಂದೇ ಇಗ್ನೋ ಪದವಿ ಕೋರ್ಸ್ ಇದೆ, ತರಬೇತಿಗೇ ಅರ್ಧ ಕ್ರೆಡಿಟ್ ಸಿಗುತ್ತದೆ. ನಾಲ್ಕು ವರ್ಷದಲ್ಲಿ ಪದವಿ ಕೈಯಲ್ಲಿದ್ದರೆ ಮೇಲಿನ ಬಾಗಿಲು ಇನ್ನೂ ಎರಡು ಮೂರು ವರ್ಷ ತೆರೆದಿರುತ್ತದೆ. ಇಪ್ಪತ್ತೊಂದಕ್ಕೆ ಸೇರಿದವನಿಗೆ ಈ ಲೆಕ್ಕ ಕೂಡುವುದಿಲ್ಲ, ಅವನು ಹೊರಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಅಪ್ಪ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. "ಬೆಳಿಗ್ಗೆ ಪಿಟಿ, ಹಗಲೆಲ್ಲ ಕೆಲಸ, ರಾತ್ರಿ ಪಹರೆ. ಇವನು ಯಾವಾಗ ಓದುತ್ತಾನೆ? ಅದರ ಮೇಲೆ ಆ ನಾಲ್ವರಲ್ಲಿ ಒಬ್ಬನಾಗಬೇಕು ಎಂದು ಜೀವ ಬಿಡುತ್ತಿರುತ್ತಾನೆ" ಎಂದರು. ಬ್ಯಾರಕ್‌ನಲ್ಲಿ ಪುಸ್ತಕ ತೆರೆದವನನ್ನು ಉಳಿದವರು ಹೇಗೆ ಛೇಡಿಸುತ್ತಾರೆ ಎಂದೂ ಹೇಳಿದರು. ನನ್ನ ಲೆಕ್ಕ ಸರಿ, ಅವರು ಕಂಡದ್ದೂ ಸರಿ. ನಾವಿಬ್ಬರೂ ವಾದ ಮಾಡುತ್ತಿರುವಾಗ ಹುಡುಗ ಒಂದೇ ಪ್ರಶ್ನೆ ಕೇಳಿದ: ಸಿಡಿಎಸ್‌ನಲ್ಲೂ ಎನ್‌ಡಿಎಯಷ್ಟೇ ಗಣಿತ ಇರುತ್ತದೆಯೇ? ಇರುವುದಿಲ್ಲ. ಡೆಹ್ರಾಡೂನಿಗೆ ಬರೆಯುವವರಿಗೆ ಎಸ್ಸೆಸ್ಸೆಲ್ಸಿ ಮಟ್ಟದ ಗಣಿತ ಮಾತ್ರ, ಚೆನ್ನೈಗೆ ಬರೆಯುವವರಿಗೆ ಅದೂ ಇಲ್ಲ. ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಅಷ್ಟೇ. ಹಾಗಾದರೆ ಇಂಗ್ಲಿಷ್ ಮೇಡಂ ಯಾವ ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿದ. ಅವರ ನಂಬರ್ ಕೊಟ್ಟು ಕಳಿಸಿದೆ.